ಗಿಣ್ಣಿನ ಕೆಳಗೆ

ಕದ್ದ ಕಡ್ಡಿಯೇ ಬೇರು ಬಿಡುವುದಂತೆ,
ಕೇಳಿ ಪಡೆದದ್ದು ಕೊಳೆಯುವುದಂತೆ.
ನಮ್ಮ ರೂಸೆಯಲ್ಲಿ ಇದನ್ನು ಎಲ್ಲರೂ ನಂಬುತ್ತಾರೆ,
ಪಾದ್ರಿಯ ಹೆಂಡತಿಯೂ.
ಕೊಟ್ಟವರಿಗೆ ಬಾಯಿತಪ್ಪಿ ಧನ್ಯವಾದ ಅಂದರೋ,
ಮುಗಿಯಿತು, ಗಿಡ ಸತ್ತ ಹಾಗೆ.

ಆದ್ದರಿಂದ ಕದ್ದೆ.

ಬೆಳಗಿನ ನಾಲ್ಕಕ್ಕೆ, ಮೊದಲ ಟ್ರಾಲಿಬಸ್ಸು ಹೊರಡಿಸಲು
ಡಿಪೋಗೆ ಇಳಿದು ಹೋಗುವ ಹೊತ್ತು.
ಎರಡನೆಯ, ಮೂರನೆಯ ಮಹಡಿಯ ನಡುವಣ ಕಿಟಕಿಯಲ್ಲಿ
ರಾಯ್ನಾಳ ಜೆರೇನಿಯಂಗಳು,
ಉಪ್ಪುಚೀಸಿನ ಹಳೇ ತಗಡು ಡಬ್ಬಗಳಲ್ಲಿ
ನೆಟ್ಟಗೆ, ಟಿಕೆಟ್ಟು ಕೊಂಡ ಪ್ರಯಾಣಿಕರ ಹಾಗೆ.
ಬಣ್ಣ ಕೆಂಪಲ್ಲ. ಹುಳಿಚೆರಿ ತಿಂದ ಮಗುವಿನ ಅಂಗಿಯ ಮೇಲೆ
ಉಳಿಯುತ್ತದಲ್ಲ, ಯಾವ ಸೋಪಿಗೂ ಬಗ್ಗದೆ, ಅದು.

ಚಿವುಟಿದೆ. ಲಟಕ್ ಅಂದಿತು.
ಅದೇ ಕ್ಷಣ ಮೆಟ್ಟಿಲ ದೀಪ ತಾನಾಗಿ ಆರಿತು.
ಕತ್ತಲಲ್ಲಿ ಬೆರಳ ತುಂಬ ಆ ವಾಸನೆ,
ಹಸಿ ಕಬ್ಬಿಣಕ್ಕೆ ನಿಂಬೆಸಿಪ್ಪೆ ತಿಕ್ಕಿದ ಹಾಗೆ.
ಇಡೀ ದಿನ ಸ್ಟೀರಿಂಗಿಗೂ ಅದೇ.

ಹನ್ನೊಂದು ವರ್ಷವಾಯಿತು ನಾವು ಮಾತು ಬಿಟ್ಟು.
ನನ್ನ ಬಟ್ಟೆ ಒಗೆಯುವ ಯಂತ್ರದ ಕೊಳವೆ ಬಾಯಿಬಿಟ್ಟು
ಅವಳ ಚಾವಣಿಯಿಂದಿಳಿದ ನೀರು
ಅವಳ ತಾಯಿ ನೇಯ್ದ ಜಮಖಾನೆಯ ಮೇಲೆ ಮೂರು ದಿನ ನಿಂತಿತ್ತು.
ಅವಳು ಮಗಳ ಬಾಣಂತನಕ್ಕೆಂದು ವರ್ನಾಗೆ ಹೋಗಿದ್ದಳು.
ಬಂದವಳಿಗೆ ನಾನು ಅಂದದ್ದು ಇಷ್ಟೇ:
"ಆ ಪೈಪನ್ನು ನಾನು ಮಾಡಿದ್ದೇನಲ್ಲ."
ಅದಕ್ಕೂ ಮೊದಲು,
ನನ್ನ ಮಿಲ್ಕೊ ಕಿವಿನೋವಿಗೆ ಕಿರುಚಿದ ಒಂದು ರಾತ್ರಿ
ಇದೇ ಗಿಡದ ಎಲೆ ಹೊಸೆದು, ಸುರುಳಿ ಸುತ್ತಿ, ಕಿವಿಗಿಟ್ಟು
ಬೆಳಕು ಹರಿಯುವ ತನಕ ಅವನ ತಲೆಯನ್ನು
ತೊಡೆಯ ಮೇಲೆ ಹಿಡಿದು ಕೂತವಳೂ ಅವಳೇ.
ಇದನ್ನು ಹೇಳದೆ ಬಿಡಬಹುದಿತ್ತು.

ಮೊಸರಿನ ಡಬ್ಬಿಗೆ ಮೊಳೆ ಕಾಯಿಸಿ ತೂತು ಕೊರೆದೆ.
ಡಾನ್ಯೂಬಿನ ದಡದ ಮರಳು ಅರ್ಧ, ಮಣ್ಣು ಅರ್ಧ.
ನೆಟ್ಟೆ. ನೀರು ಹೊಯ್ದೆ. ಮರುದಿನವೂ ಹೊಯ್ದೆ.
ಚಳಿಯಾದೀತೆಂದು ಪ್ಲಾಸ್ಟಿಕ್ ಚೀಲ ಹೊದಿಸಿದೆ.
ಎಂಟನೆಯ ದಿನಕ್ಕೆ ಬುಡ ಕಪ್ಪು,
ಮಸಿಯ ಕಾಲುಚೀಲ ಎಳೆದುಕೊಂಡ ಹಾಗೆ
ದಿನಕ್ಕೊಂದು ಬೆರಳು ಮೇಲೇರಿತು.
ಮತ್ತೆ ಕದ್ದೆ. ಮತ್ತೆ ಕಪ್ಪು.
ಕಳ್ಳತನಕ್ಕೂ ಕೈಗುಣ ಬೇಕು ಅನ್ನಿಸಿತು.

ಮೂರನೆಯ ಸಲ ಕೈ ಚಾಚಿದ್ದೇನೆ, ಕೆಳಗೆ ಬಾಗಿಲು ತೆರೆಯಿತು.
ರಾಯ್ನಾ, ಗಂಡನ ಕೋಟಿನಲ್ಲಿ,
ತಲೆ ತುಂಬ ಕರ್ಲರು, ಕೈಯಲ್ಲಿ ಚಾಕು.
ಹನ್ನೊಂದು ವರ್ಷದ ಬೈಗುಳ ಒಟ್ಟಿಗೇ ಬರಲೆಂದು
ನಾನು ಬೆನ್ನು ಗಟ್ಟಿ ಮಾಡಿ ನಿಂತೆ.

"ಗಿಣ್ಣಿನ ಕೆಳಗೆ" ಅಂದಳು.

"ಏನು?"

"ಗಿಣ್ಣಿನ ಕೆಳಗೆ ಕತ್ತರಿಸಬೇಕು, ನೆದ್ಯಾಲ್ಕಾ.
ಉಗುರಿನಲ್ಲಿ ಅಲ್ಲ.
ನೀನು ಚಿವುಟಿದ ಮೋಟುಗಳನ್ನು ನೋಡಿ ನೋಡಿ
ನನಗೆ ನಿದ್ದೆಯಿಲ್ಲ.
ಕೆಳಗಿನ ಎಲೆ ತೆಗೆ. ಮೊಗ್ಗಿದ್ದರೆ ಅದನ್ನೂ, ಮರುಗಬೇಡ,
ಹೂವಿನ ಯೋಚನೆಯಲ್ಲಿರುವ ಕಡ್ಡಿ ಬೇರಿನ ಕಡೆ ನೋಡುವುದಿಲ್ಲ.
ಒಂದು ರಾತ್ರಿ ಹಾಗೇ ಮಲಗಿಸು, ಗಾಯ ಒಣಗಲಿ.
ಚೀಲಗೀಲ ಹೊದಿಸಬೇಡ, ಅದೇನು ಸತ್ತ ಹೆಣವೆ?
ಆಮೇಲೆ ನೀರು..."

ಇಲ್ಲಿ ನಿಂತಳು.
ನಾನೂ ಉಸಿರು ಹಿಡಿದೆ.

"ನೀರು ಜಾಸ್ತಿ ಬಿಡುತ್ತೀಯ.
ಯಾವಾಗಲೂ ಬಿಡುತ್ತೀಯ."

ನಾನು ಬಾಯಿ ತೆರೆದೆ, ಏನೋ ಹೇಳಲು.
ಅವಳು ಕೈಯೆತ್ತಿ ತಡೆದಳು.
ಚಾಕುವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು,
ಹಿಡಿ ನನ್ನ ಕಡೆಗೆ ತಿರುಗಿಸಿ,
ತಾನು ಅತ್ತ ಗೋಡೆಗೆ ಮುಖ ಮಾಡಿ ನಿಂತಳು,
ಕಣ್ಣಾಮುಚ್ಚಾಲೆಯಲ್ಲಿ ಎಣಿಸುವ ಮಗುವಿನ ಹಾಗೆ,

ನಾನು ಕದಿಯಲೆಂದು.

ದೀಪ ಆರಿತು. ಅವಳೇ ತಡವಿ ಮತ್ತೆ ಹಚ್ಚಿದಳು, ತಿರುಗದೆ.

ಆ ದಿನ ಮೊದಲ ಟ್ರಾಲಿಬಸ್ಸು ನಾಲ್ಕು ನಿಮಿಷ ತಡ.
ಕಡ್ಡಿ ಈಗ ಬಟ್ಟೆ ಒಗೆಯುವ ಯಂತ್ರದ ಮೇಲಿದೆ,
ಹದಿನೈದನೆಯ ದಿನ, ಕಾಲು ಇನ್ನೂ ಹಸಿರು.
ಎಳೆದು ನೋಡಬೇಕೆಂದು ಬೆರಳು ತುರಿಸುತ್ತದೆ. ಎಳೆಯುವುದಿಲ್ಲ.
ಮೆಟ್ಟಿಲಲ್ಲಿ ಎದುರಾದರೆ "ಹೇಗಿದೆ?" ಅನ್ನುತ್ತಾಳೆ.
"ಇದೆ" ಅನ್ನುತ್ತೇನೆ.
ಧನ್ಯವಾದ ಇನ್ನೂ ಹೇಳಿಲ್ಲ.
ಗಿಡ ಸಾಯುತ್ತದಲ್ಲ.